ಶೆಡ್ ತೆರವು, ಬಾಕಿ ಕೂಲಿ: ದಾಸೋಹ ಮಾಡುವ ಬಳಗ ಏನು ಮಾಡಬಹುದು?

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಯ ಸಮೀಪದ ಬಡಾವಣೆಯಲ್ಲಿ ನಮ್ಮದೊಂದು ಶರಣ ಬಳಗವಿದೆ. ಪಕ್ಕದ ಖಾಲಿ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಂಡಿರುವ ಸುಮಾರು 60 ಕುಟುಂಬಗಳಿಗೆ ಮೂರು ವರ್ಷದಿಂದ ಪ್ರತಿ ಸೋಮವಾರ ದಾಸೋಹ ಮಾಡುತ್ತಿದ್ದೇವೆ. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಗಂಡಸರದು ಗಾರೆ, ಸೆಂಟ್ರಿಂಗ್ ಕೆಲಸ, ಹೆಂಗಸರದು ಮನೆಗೆಲಸ. ಶೆಡ್ಡಿಗೆ ತಿಂಗಳಿಗೆ 2,500 ರೂಪಾಯಿ ಬಾಡಿಗೆಯನ್ನು ಮೇಸ್ತ್ರಿಯ ಕೈಗೆ ಕೊಡುತ್ತಾರೆ. ಈಗ ‘ಹತ್ತು ದಿನದಲ್ಲಿ ಖಾಲಿ ಮಾಡಿ, ಇಲ್ಲದಿದ್ದರೆ ಜೆಸಿಬಿ ಬರುತ್ತೆ’ ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಅದೇ ಮೇಸ್ತ್ರಿಯಿಂದ ಆರು ವಾರದ ಕೂಲಿಯೂ ಬರಬೇಕು. ಹತ್ತಿರದ ಚರ್ಚಿನವರು, ಮಸೀದಿ ಕಮಿಟಿಯವರು ನಮ್ಮ ಜೊತೆ ಸೇರಲು ಸಿದ್ಧರಿದ್ದಾರೆ. ಆದರೆ ‘ಅವರಿಗೆ ಯಾವ ಹಕ್ಕೂ ಇಲ್ಲ, ಧಾರ್ಮಿಕ ಸಂಸ್ಥೆ ಇದಕ್ಕೆ ಕೈ ಹಾಕಬಾರದು, ಮತಾಂತರದ ಆರೋಪ ಬರುತ್ತೆ’ ಎನ್ನುವವರು ಬಳಗದಲ್ಲೇ ಇದ್ದಾರೆ. ಈ ನಡುವೆ ಒಬ್ಬಾತ ಸ್ಲಂ ಬೋರ್ಡಿನ ಮನೆ ಕೊಡಿಸುತ್ತೇನೆಂದು ಕುಟುಂಬಕ್ಕೆ 5,000 ರೂಪಾಯಿ ಎತ್ತುತ್ತಿದ್ದಾನೆ. ಕೋರ್ಟಿನಿಂದ ಸ್ಟೇ ತಂದರೆ ಸಾಕೇ? ನಾವು ಏನು ಮಾಡಬೇಕು?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕಷ್ಟಗಳಿವೆ, ಒಂದು ಜಾಗದ್ದು, ಇನ್ನೊಂದು ಕೂಲಿಯದು. ಎರಡಕ್ಕೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಕಚೇರಿ. ಆದರೂ ಇವನ್ನು ಒಟ್ಟಿಗೆ ನೋಡಬೇಕಾದ ಕಾರಣವೊಂದಿದೆ. ಶೆಡ್ ಬಿದ್ದ ಮಾರನೆಯ ದಿನ ಅರ್ಧ ಜನ ಊರಿನ ಬಸ್ ಹತ್ತುತ್ತಾರೆ, ಉಳಿದವರು ನಾಲ್ಕು ದಿಕ್ಕಿಗೆ ಚದುರುತ್ತಾರೆ. ಆಮೇಲೆ ಆರು ವಾರದ ಕೂಲಿ ಕೇಳಲು ಯಾರೂ ಒಂದೆಡೆ ಇರುವುದಿಲ್ಲ, ಕೆಲಸ ಮಾಡಿದ್ದಕ್ಕೆ ಸಾಕ್ಷಿ ಹೇಳುವವರೂ ಸಿಗುವುದಿಲ್ಲ. ಬಾಡಿಗೆ ವಸೂಲಿ ಮಾಡುವವರೇ ಬಟವಾಡೆ ಮಾಡುವವರೂ ಆಗಿರುವ ಕಡೆ ಈ ಎರಡು ಒಟ್ಟೊಟ್ಟಿಗೆ ಬರುವುದು ಆಕಸ್ಮಿಕವೆಂದು ತಿಳಿಯಬೇಡಿ. ಹಾಗಾಗಿ ಈ ಹತ್ತು ದಿನಗಳಲ್ಲಿ ನಿಮ್ಮ ಮೊದಲ ಕೆಲಸ ಜನ ಚದುರದಂತೆ, ಕಾಗದ ಕಳೆಯದಂತೆ ನೋಡಿಕೊಳ್ಳುವುದು. ವಕೀಲರನ್ನು ಹುಡುಕುವುದು ಅದರ ಜೊತೆಯಲ್ಲೇ ಆಗಲಿ.

‘ಅವರಿಗೆ ಹಕ್ಕೇ ಇಲ್ಲ’ ಎನ್ನುವ ಮಾತು ತಪ್ಪು. ಹಾಗೆಂದು ‘ಬಡವರನ್ನು ಯಾರೂ ಎಬ್ಬಿಸುವಂತಿಲ್ಲ’ ಎನ್ನುವುದೂ ಸರಿಯಲ್ಲ. ಮುಂಬೈನ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ, ಅಂದರೆ ಓಲ್ಗಾ ಟೆಲಿಸ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 1985ರಲ್ಲಿ ಜೀವನೋಪಾಯದ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಅಡಗಿದೆ ಎಂದಿತು. ಅದೇ ತೀರ್ಪು ಪಾದಚಾರಿ ಮಾರ್ಗದಲ್ಲಿ ಶಾಶ್ವತವಾಗಿ ಉಳಿಯುವ ಹಕ್ಕನ್ನು ಕೊಡಲಿಲ್ಲ. ನೋಟಿಸ್ ಕೊಡಿ, ಹೇಳುವುದನ್ನು ಕೇಳಿ, ಆಮೇಲೆ ಕಾನೂನಿನ ದಾರಿಯಲ್ಲಿ ತೆರವು ಮಾಡಿ ಎಂದಿತು. 2024ರ ನವೆಂಬರ್ 13ರಂದು ‘ಬುಲ್ಡೋಜರ್’ ತೆರವುಗಳ ಬಗ್ಗೆ ಬಂದ ತೀರ್ಪು 15 ದಿನದ ನೋಟಿಸ್ ಕಡ್ಡಾಯ ಮಾಡಿದೆ. ಇದನ್ನು ಈಗ ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಬದಿ, ನದಿ ಮತ್ತು ಕೆರೆಗಳಂಥ ಜಲಮೂಲಗಳ ಜಾಗಕ್ಕೆ, ಕೋರ್ಟೇ ತೆರವಿಗೆ ಆದೇಶ ಮಾಡಿದ ಕಡೆಗೆ ಅದು ಅನ್ವಯಿಸದು ಎಂದೂ ಅದೇ ತೀರ್ಪಿನಲ್ಲಿದೆ. ಈ ಭಾಗವನ್ನು ಓದದೆ ಧೈರ್ಯ ಹೇಳಿದರೆ ಪೆಟ್ಟು ತಿನ್ನುವವರು ಶೆಡ್ಡಿನವರು.

ಆದ್ದರಿಂದ ಜಾಗ ಯಾರದು ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ. ಮೇಸ್ತ್ರಿ ‘ಓನರ್’ ಎಂದು ತೋರಿಸಿದವರೇ ಮಾಲೀಕರೆಂದು ನಂಬಬೇಡಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಶೆಡ್‌ಗಳ ನಡುವೆ ನಿಂತರೆ ನೀವು ನಿಂತ ನೆಲದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರಿನ ಪಹಣಿ ತೆಗೆಸಿ. ನಗರದ ಸೈಟಾಗಿದ್ದರೆ ಖಾತೆ ಯಾರ ಹೆಸರಿನಲ್ಲಿದೆ ಎಂದು ಪಾಲಿಕೆಯಲ್ಲಿ ವಿಚಾರಿಸಿ. ಪಹಣಿಯಲ್ಲಿ ‘ಬಿ ಖರಾಬು’ (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಎಂದಿದೆಯೇ, ರಾಜಕಾಲುವೆಯ ಗೆರೆ ಹಾದುಹೋಗುತ್ತದೆಯೇ ಎಂದು ಗಮನವಿಟ್ಟು ನೋಡಿ. ವರ್ಷಗಟ್ಟಲೆ ಬಾಡಿಗೆ ವಸೂಲಿಯಾದ ಜಾಗ ಕೊನೆಗೆ ಸರ್ಕಾರದ್ದೆಂದು ಗೊತ್ತಾಗುವುದು ಬೆಂಗಳೂರಿನ ಅಂಚಿನಲ್ಲಿ ಅಪರೂಪವಲ್ಲ.

ಖಾಸಗಿ ಜಾಗವಾಗಿದ್ದರೆ: ಬಾಡಿಗೆ ಪಡೆದ ಮೇಲೆ ಬಾಯಿಮಾತಿನ ಒಪ್ಪಂದವೂ ಬಾಡಿಗೆಯೇ. ಬರಹದ ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಮುಗಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ 15 ದಿನದ ಲಿಖಿತ ನೋಟಿಸ್ ಕೇಳುತ್ತದೆ. ನೋಟಿಸ್ ಅವಧಿ ಮುಗಿದರೂ ಮಾಲೀಕರು ತಾವೇ ಜೆಸಿಬಿ ತರುವಂತಿಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು. ತಂದೇಬಿಟ್ಟರೆ? ಕಾನೂನಿನ ದಾರಿ ಬಿಟ್ಟು ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಇಲ್ಲಿ ಮಾಲೀಕತ್ವ ಸಾಬೀತುಪಡಿಸಬೇಕಿಲ್ಲ, ಅಲ್ಲಿ ವಾಸವಿದ್ದೆವು ಎಂದು ತೋರಿಸಿದರೆ ಸಾಕು. ಸರ್ಕಾರದ ವಿರುದ್ಧ ಈ ಕಲಮಿನಡಿ ದಾವೆ ಹೂಡುವಂತಿಲ್ಲ ಎಂಬುದು ನೆನಪಿರಲಿ.

ಸರ್ಕಾರಿ ಜಾಗವಾಗಿದ್ದರೆ: ಸಾರ್ವಜನಿಕ ಸ್ಥಳಗಳಿಂದ ಅನಧಿಕೃತ ವಾಸಿಗಳನ್ನು ತೆರವುಗೊಳಿಸುವ 1974ರ ಕರ್ನಾಟಕ ಕಾಯ್ದೆ ಇದೆ. ಅದರಡಿ ಕಾರಣ ಕೇಳುವ ನೋಟಿಸ್, ವಿಚಾರಣೆ, ಆದೇಶ, ಮೇಲ್ಮನವಿ ಎಂಬ ಮೆಟ್ಟಿಲುಗಳಿವೆ. ಇವನ್ನು ಹಾರಿಸಿದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಜೊತೆಗೆ 1973ರ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಕಲಮಿನಡಿ ಈ ಜಾಗವನ್ನು ಕೊಳಗೇರಿ ಎಂದು ಘೋಷಿಸಲು ಕೋರಿ ಕೊಳಗೇರಿ ಅಭಿವೃದ್ಧಿ ಮಂಡಳಿಗೆ (ಸ್ಲಂ ಬೋರ್ಡಿಗೆ) ಅರ್ಜಿ ಕೊಡಬಹುದು. ಇದು ನಿಧಾನದ ದಾರಿ, ಹತ್ತು ದಿನದಲ್ಲಿ ಏನೂ ಆಗದು. ಆದರೆ ಅರ್ಜಿ ಸ್ವೀಕರಿಸಿದ ಮೊಹರು ಕೈಯಲ್ಲಿದ್ದರೆ ಮುಂದೆ ಪುನರ್ವಸತಿಯ ಮಾತು ಬಂದಾಗ ಈ ಜನ ಇಲ್ಲಿದ್ದರು ಎಂಬುದಕ್ಕೆ ದಾಖಲೆಯಾಗುತ್ತದೆ.

ಪೊಲೀಸರ ವಿಷಯ. 2020ರ ಜನವರಿ 18 ಮತ್ತು 19ರಂದು, ಶನಿವಾರ-ಭಾನುವಾರ, ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್‌ಗಳನ್ನು ಕೆಡವಲಾಯಿತು. ‘ಬಾಂಗ್ಲಾದೇಶಿಗಳು’ ಎಂಬ ಆರೋಪದ ಮೇಲೆ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಜಾಗದ ಮಾಲೀಕರಿಗೆ ಪೊಲೀಸರು ಕೊಟ್ಟಿದ್ದ ನೋಟಿಸ್ ಅದರ ಹಿಂದಿತ್ತು. ಹೈಕೋರ್ಟ್ ಮುಂದಿನ ತೆರವಿಗೆ ತಡೆ ಕೊಟ್ಟಿತು, ಹಾಗೆ ಎಬ್ಬಿಸಲು ಹೇಳುವ ಅಧಿಕಾರ ಪೊಲೀಸರಿಗೆ ಎಲ್ಲಿಂದ ಬಂತೆಂದು ಪ್ರಶ್ನಿಸಿತು. ಆದರೆ ಆ ಆದೇಶ ಬರುವಷ್ಟರಲ್ಲಿ ಬಹಳ ಶೆಡ್‌ಗಳು ನೆಲ ಕಂಡಿದ್ದವು. ವಾರಾಂತ್ಯದಲ್ಲಿ ಕೋರ್ಟಿಗೆ ರಜೆ ಎಂಬುದನ್ನು ಲೆಕ್ಕ ಹಾಕಿಯೇ ಜೆಸಿಬಿ ಬರುವುದುಂಟು. ನಿಮ್ಮ ಹತ್ತು ದಿನದಲ್ಲಿ ಶನಿವಾರ ಎಂದು ಬರುತ್ತದೆ ನೋಡಿ, ಅದರ ಹಿಂದಿನ ಬುಧವಾರದೊಳಗೆ ವಕಾಲತ್ತಿಗೆ ಸಹಿ ಆಗಿರಬೇಕು.

‘ಸ್ಟೇ ಸಾಕೇ’ ಎಂದು ಕೇಳಿದ್ದೀರಿ. ಸಾಲದು. ತಡೆಯಾಜ್ಞೆ ಸಮಯ ಕೊಡುತ್ತದೆ, ಮನೆ ಕೊಡುವುದಿಲ್ಲ. ಮುಂದಿನ ವಿಚಾರಣೆಗೆ ಅರ್ಜಿದಾರರು ಬಾರದಿದ್ದರೆ ಆ ತಡೆಯಾಜ್ಞೆಯೇ ರದ್ದಾಗಿಯೂ ಹೋಗಬಹುದು. ಖಾಸಗಿ ಜಾಗಕ್ಕೆ ಸಿವಿಲ್ ಕೋರ್ಟಿನ ತಡೆಯಾಜ್ಞೆ, ಪಾಲಿಕೆ ಅಥವಾ ಪೊಲೀಸರ ಕ್ರಮಕ್ಕೆ ಹೈಕೋರ್ಟಿನ ರಿಟ್. ಎರಡರಲ್ಲೂ ಅರ್ಜಿದಾರರು ಅಲ್ಲಿ ವಾಸವಿರುವವರೇ ಆಗಿರಲಿ, ಬಳಗದ ಹೆಸರಿನಲ್ಲಿ ಹಾಕಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡಬೇಕು. ಸಹಾಯವಾಣಿ 15100. ಐದಾರು ಜನ ಹೆಂಗಸರೇ ಅರ್ಜಿದಾರರಾಗುವುದು ಇದಕ್ಕೂ ಒಳ್ಳೆಯದು, ಹಗಲಲ್ಲಿ ಶೆಡ್ಡಿನ ಹತ್ತಿರ ಇರುವವರು ಹೆಚ್ಚಾಗಿ ಅವರೇ ಎಂಬುದಕ್ಕೂ ಒಳ್ಳೆಯದು.

ಈಗ ಕಾಗದದ ಕೆಲಸ. ಬಳಗದವರು ಇಬ್ಬಿಬ್ಬರಂತೆ ಹೋಗಿ ಎರಡು ಸಂಜೆಯಲ್ಲಿ 60 ಶೆಡ್ಡಿನ ಪಟ್ಟಿ ಮಾಡಬಹುದು. ಮನೆಯವರ ಹೆಸರು, ವಯಸ್ಸು, ಸ್ವಂತ ಊರು ಮತ್ತು ತಾಲೂಕು, ಇಲ್ಲಿಗೆ ಬಂದ ತಿಂಗಳು, ಬಾಡಿಗೆ ಎಷ್ಟು, ಯಾರ ಕೈಗೆ, ಮಕ್ಕಳು ಯಾವ ಶಾಲೆ ಅಥವಾ ಅಂಗನವಾಡಿಯಲ್ಲಿದ್ದಾರೆ. ವಾಸಕ್ಕೆ ಪುರಾವೆ ಎಂದರೆ ಆಧಾರ್ ಮಾತ್ರವಲ್ಲ. ಆಧಾರ್ ಊರಿನ ವಿಳಾಸದಲ್ಲಿದ್ದರೆ ಗಾಬರಿ ಬೇಡ, ಅದನ್ನು ಅವಸರದಲ್ಲಿ ಬದಲಿಸಲು ಏಜೆಂಟರಿಗೆ ದುಡ್ಡು ಕೊಡಲೂ ಬೇಡ. ತಾಯಿ ಕಾರ್ಡ್, ಮಗುವಿನ ಲಸಿಕೆ ದಾಖಲೆ, ಶಾಲೆಯ ದಾಖಲಾತಿ, ಮೇಸ್ತ್ರಿಗೆ ಫೋನಿನಲ್ಲಿ ಕಳಿಸಿದ ಬಾಡಿಗೆಯ ಸ್ಕ್ರೀನ್‌ಶಾಟ್, ನೀರಿನ ಟ್ಯಾಂಕರಿನ ಚೀಟಿ, ಹತ್ತಿರದ ಆಸ್ಪತ್ರೆಯ ಹೊರರೋಗಿ ಚೀಟಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ತೆರೆದು ಯಾವ ವರ್ಷದಿಂದ ತಗಡು ಕಾಣುತ್ತದೆ ಎಂದು ಉಳಿಸಿಕೊಳ್ಳಿ. ನಿಮ್ಮ ಮೂರು ವರ್ಷದ ದಾಸೋಹದ ಖರ್ಚಿನ ಪುಸ್ತಕ, ಫೋಟೊಗಳು ಕೂಡ ಸಾಕ್ಷಿಯೇ! ನ್ಯಾಯಾಲಯಕ್ಕೆ ಪ್ರಮಾಣಪತ್ರ ಕೊಡಬಲ್ಲ ನೆರೆಯವರು ಸಿಗುವುದು ಕಷ್ಟ. ಅದನ್ನು ನೀವು ಕೊಡಬಲ್ಲಿರಿ, ಚರ್ಚಿನವರೂ ಮಸೀದಿಯವರೂ ಕೊಡಬಲ್ಲರು. ಎಲ್ಲ ಕಾಗದಕ್ಕೂ ಮೂರು ಪ್ರತಿ ಮಾಡಿಸಿ: ಒಂದು ಮನೆಯವರಿಗೆ, ಒಂದು ವಕೀಲರಿಗೆ, ಒಂದು ನಿಮ್ಮ ಬೀರುವಿನಲ್ಲಿ. ಮೂಲ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಶೆಡ್ಡಿನಿಂದ ಹೊರಗಿಡಲು ಹೇಳಿ. ಜೆಸಿಬಿ ಬಂದ ದಿನ ಪಾತ್ರೆಗಿಂತ ಮೊದಲು ಹೋಗುವುದು ಟ್ರಂಕಿನಲ್ಲಿರುವ ಕಾಗದ.

ಕೂಲಿಯ ಲೆಕ್ಕ ಇನ್ನೂ ಸೂಕ್ಷ್ಮ. ಒಬ್ಬೊಬ್ಬರಿಗೂ ಒಂದು ನೋಟ್‌ಬುಕ್ ಕೊಡಿ. ದಿನಾಂಕ, ಕಟ್ಟಡ ಇರುವ ಜಾಗ, ಮಾಡಿದ ಕೆಲಸ, ಹಾಜರಿ ಪೂರ್ತಿಯೋ ಅರ್ಧವೋ, ವಾರದ ಖರ್ಚಿಗೆ ಕೊಟ್ಟದ್ದೆಷ್ಟು, ಜೊತೆಗೆ ದುಡಿದವರು ಯಾರು. ಉದಾಹರಣೆಗೆ ದಿನಕ್ಕೆ 900 ರೂಪಾಯಿ ಒಪ್ಪಿದ ಗಾರೆ ಕೆಲಸದವರು ಆರು ವಾರದಲ್ಲಿ 36 ಹಾಜರಿ ಹಾಕಿದ್ದರೆ 32,400 ಆಯಿತು. ವಾರಕ್ಕೆ 500ರಂತೆ ಖರ್ಚಿಗೆ ಪಡೆದ 3,000 ಕಳೆದರೆ ಬರಬೇಕಾದ್ದು 29,400. ಪಡೆದ ಖರ್ಚನ್ನು ಮುಚ್ಚಿಟ್ಟು ಹೆಚ್ಚು ಬರೆಸುವವರು ಒಬ್ಬರಿದ್ದರೂ ಸಾಕು, ಎದುರಿನವರು ಅದನ್ನೇ ಹಿಡಿದು ಎಲ್ಲರ ಅರ್ಜಿಯನ್ನೂ ಸುಳ್ಳೆನ್ನುತ್ತಾರೆ. ಇದನ್ನು ಮೊದಲ ಸಭೆಯಲ್ಲೇ ಬಿಡಿಸಿ ಹೇಳಿ.

2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು, ಅಂದರೆ ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ಬಂದ ಕೇಂದ್ರದ ಹೊಸ ಕಾನೂನುಗಳು, ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದರೆ ಅಥವಾ ಬಿಟ್ಟರೆ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ಚುಕ್ತಾ ಆಗಬೇಕು. ಬಾಕಿಗೆ 3 ವರ್ಷದೊಳಗೆ ಅರ್ಜಿ ಹಾಕಬಹುದು, ಆ ಅರ್ಜಿಯನ್ನು ವಿಚಾರಿಸುವ ಪ್ರಾಧಿಕಾರ ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ಸೇರಿಸಬಹುದು. ಕೂಲಿ ಕೊಟ್ಟಾಗಿದೆ ಎಂದು ಸಾಬೀತುಪಡಿಸುವ ಹೊಣೆ ಕೊಡಬೇಕಾದವರದ್ದು, ಕಾರ್ಮಿಕರದ್ದಲ್ಲ. ‘ಮೇಸ್ತ್ರಿ ಓಡಿಹೋದರೆ ಮುಗಿಯಿತು’ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಗುತ್ತಿಗೆದಾರರು ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯ ಒಡೆಯರು ಕೊಡಬೇಕು. ಅದಕ್ಕೇ ನೋಟ್‌ಬುಕ್ಕಿನಲ್ಲಿ ಕಟ್ಟಡದ ಜಾಗ ಬರೆಸಿ ಎಂದದ್ದು. ಕಟ್ಟಡದ ಮುಂದಿನ ಫಲಕದಲ್ಲಿ ಬಿಲ್ಡರ್ ಹೆಸರು, ಅನುಮತಿ ಸಂಖ್ಯೆ ಇದ್ದರೆ ಅದರ ಫೋಟೊ ತೆಗೆದಿಡಲಿ. ಅರ್ಜಿಯನ್ನು ಕಾರ್ಮಿಕರೇ ಹಾಕಬಹುದು, ಅವರು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘ ಹಾಕಬಹುದು, ಇಲಾಖೆಯ ಅಧಿಕಾರಿಯೂ ಹಾಕಬಹುದು. ಶರಣ ಬಳಗ ಹಾಕುವಂತಿಲ್ಲ. ಹಾಗಾಗಿ ಕಟ್ಟಡ ಕಾರ್ಮಿಕರ ಸಂಘವೊಂದರ ಜೊತೆ ಅವರನ್ನು ಸೇರಿಸಿ. ಸಂಘ ಆರಿಸುವಾಗ ಎರಡು ವಿಷಯ ಕೇಳಿ: ಸದಸ್ಯತ್ವಕ್ಕೆ ರಸೀದಿ ಕೊಡುತ್ತಾರೆಯೇ, ಬಂದ ಬಾಕಿಯಲ್ಲಿ ಪಾಲು ಕೇಳುತ್ತಾರೆಯೇ. ಪಾಲು ಕೇಳುವವರು ಬೇಡ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ ಆ ಪ್ರದೇಶದ ಕಾರ್ಮಿಕ ಅಧಿಕಾರಿ ಯಾರೆಂದು ಕೇಳಿ.

ಒಂದು ಪ್ರಶ್ನೆಯನ್ನು ಒಬ್ಬೊಬ್ಬರನ್ನೇ ಕರೆದು, ಮೆಲ್ಲಗೆ ಕೇಳಬೇಕು: ಊರಿನಲ್ಲೇ ಮುಂಗಡ ಪಡೆದಿದ್ದೀರಾ, ಅದು ತೀರುವವರೆಗೆ ಬೇರೆಡೆ ಕೆಲಸಕ್ಕೆ ಹೋಗುವಂತಿಲ್ಲ ಎಂದಿದ್ದಾರಾ? ಹೌದೆಂದರೆ ಅದು ಬರೀ ಕೂಲಿ ಬಾಕಿಯಲ್ಲ, 1976ರ ಕಾಯ್ದೆ ನಿಷೇಧಿಸಿದ ಜೀತ. ಆಗ ದೂರು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಹೋಗಬೇಕು, ಮೇಸ್ತ್ರಿಯೊಂದಿಗೆ ಮಾತುಕತೆಗೆ ಕೂರಬಾರದು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಎಷ್ಟು ಜನರಿಗಿದೆ ನೋಡಿ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅರ್ಹರು. ಕಟ್ಟಡ ಕೆಲಸ ಮಾಡದ ಹೆಂಗಸರ ಹೆಸರನ್ನೂ ಸೇರಿಸಿ ಕಾರ್ಡ್ ಮಾಡಿಸುವ ಆಸೆ ಬೇಡ, ರದ್ದಾಗುವಾಗ ನಿಜವಾದವರ ಕಾರ್ಡೂ ತನಿಖೆಗೆ ಸಿಲುಕುತ್ತದೆ. ಇನ್ನೊಂದು ಮಾತು, ಇದನ್ನು ಬಹಳ ಜನ ಕೇಳುವುದೇ ಇಲ್ಲ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಉಚಿತವಾಗಿ ತಾತ್ಕಾಲಿಕ ವಸತಿ, ಅದರಲ್ಲಿ ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಪ್ರತ್ಯೇಕ ಜಾಗ ಕೊಡಬೇಕೆಂದು 1996ರ ಕಾಯ್ದೆಯ 34ನೇ ಕಲಂ ಹೇಳಿತ್ತು. ಹೊಸ ಸಂಹಿತೆಯಲ್ಲೂ ಆ ಹೊಣೆ ಮುಂದುವರಿದಿದೆ. ಅಂದರೆ ನಿಮ್ಮ ಶೆಡ್ಡಿನವರಲ್ಲಿ ಒಂದೇ ದೊಡ್ಡ ಬಿಲ್ಡರ್ ಬಳಿ ದುಡಿಯುವವರು 2,500 ಬಾಡಿಗೆ ಕಟ್ಟುವ ಅಗತ್ಯವೇ ಇರಲಿಲ್ಲ.

ಈಗ ದಾರಿಗಳು. ಕೊನೆಯವರೆಗೆ ಹೋರಾಡಿ ಅಲ್ಲೇ ಉಳಿಯುವುದು ಒಂದು. ಸರ್ಕಾರಿ ಜಾಗದಲ್ಲಿ, ಹತ್ತಾರು ವರ್ಷ ಬೇರೂರಿದ ವಸತಿಗೆ ಇದು ಸರಿ. ಖಾಸಗಿ ಸೈಟಿನಲ್ಲಿ ಕಟ್ಟಡ ಏಳುವುದು ಖಚಿತವಿದ್ದರೆ ಈ ದಾರಿ ಜನರನ್ನು ದಣಿಸುತ್ತದೆ, ದಿನಗೂಲಿ ಕಳೆಯುತ್ತದೆ. ಎರಡನೆಯದು ಬರಹದಲ್ಲಿ ಸಮಯ ಪಡೆಯುವುದು. ಎರಡು ಮೂರು ತಿಂಗಳು ಅಥವಾ ಶಾಲೆಯ ವರ್ಷ ಮುಗಿಯುವವರೆಗೆ ತೆರವಿಲ್ಲ, ಅಡ್ವಾನ್ಸ್ ವಾಪಸ್, ಸಾಗಣೆ ಖರ್ಚು ಇಷ್ಟು, ಹೊರಡುವ ಮೊದಲು ಕೂಲಿ ಬಾಕಿ ಚುಕ್ತಾ. ಜಾಗ ನಿಜವಾಗಿ ಖಾಸಗಿಯೇ ಆಗಿದ್ದರೆ ನಾನು ಸೂಚಿಸುವುದು ಇದನ್ನೇ. ಇದರ ಅಪಾಯ, ಸಹಿ ಹಾಕಿದ ಮೇಲೆ ಮಾತು ತಪ್ಪುವುದು. ಆದ್ದರಿಂದ ಕೋರ್ಟಿನಲ್ಲಿ ದಾವೆ ಹೂಡಿ, ಅಲ್ಲಿಯೇ ರಾಜಿಯನ್ನು ದಾಖಲಿಸುವುದು ಮೇಲು. ಹಣ ಒಬ್ಬೊಬ್ಬರ ಬ್ಯಾಂಕ್ ಖಾತೆಗೆ ನೇರ ಹೋಗಲಿ. ಮೇಸ್ತ್ರಿಯ ಕೈಗೂ ಬೇಡ, ಎಷ್ಟೇ ಸದುದ್ದೇಶವಿದ್ದರೂ ನಿಮ್ಮ ಬಳಗದ ಖಾತೆಗೂ ಬೇಡ. ಮೂರನೆಯದು ಸುಮ್ಮನೆ ಎದ್ದು ಬೇರೆಡೆ ಹೋಗುವುದು. ಕೆಲವು ಕುಟುಂಬಗಳು ಇದನ್ನೇ ಆರಿಸುತ್ತವೆ. ಅವರನ್ನು ತಡೆಯಬೇಡಿ, ಹೊಸ ವಿಳಾಸ ಮತ್ತು ಫೋನ್ ನಂಬರ್ ಬರೆದುಕೊಳ್ಳಿ.

ಯಾವ ದಾರಿ ಎಂದು ತೀರ್ಮಾನಿಸಬೇಕಾದವರು ಅವರು. ಐದು ಜನ ಪ್ರತಿನಿಧಿಗಳನ್ನು ಅವರೇ ಆರಿಸಲಿ, ಅದರಲ್ಲಿ ಕನಿಷ್ಠ ಮೂವರು ಹೆಂಗಸರಿರಲಿ. ಮಾಲೀಕರ ಮುಂದೆ ಕೂರುವಾಗ ಮಾತಾಡುವವರು ಅವರು, ಪಕ್ಕದಲ್ಲಿ ಕೂರುವವರು ನೀವು. ಧಾರ್ಮಿಕ ಮುಖಂಡರು ತಾವೇ ಮಾತುಕತೆ ಮುಗಿಸಿ ಬಂದು ‘ಒಪ್ಪಿಸಿದ್ದೇವೆ’ ಎಂದು ಹೇಳಿದ ಕಡೆಗಳಲ್ಲಿ ಒಪ್ಪಂದ ನಿಂತದ್ದು ಕಡಿಮೆ. ಸಿಸ್ಟರ್ ಜೀನ್ ಡಿವೋಸ್ ಎಂಬ ಬೆಲ್ಜಿಯಂ ಮೂಲದ ಸನ್ಯಾಸಿನಿ 1985ರಲ್ಲಿ ಮುಂಬೈನಲ್ಲಿ ಮನೆಗೆಲಸದವರ ರಾಷ್ಟ್ರೀಯ ಆಂದೋಲನ ಕಟ್ಟಿದರು. ಅದು ದಾನಧರ್ಮದ ಕೆಲಸವಾಗಿ ಉಳಿಯದೆ ಮನೆಗೆಲಸದವರೇ ಮುಂದೆ ನಿಂತು ಹಕ್ಕು ಕೇಳುವ ಚಳವಳಿಯಾಯಿತು.

ಧಾರ್ಮಿಕ ಸಂಸ್ಥೆ ಕಾರ್ಮಿಕರ ಪರ ನಿಲ್ಲಬಾರದೆಂಬ ಕಾನೂನು ಇಲ್ಲ. ಕಾಯಕವನ್ನೇ ಪೂಜೆ ಎಂದ ಪರಂಪರೆಯವರು ಕಾಯಕದ ಕೂಲಿ ಕೇಳುವವರ ಪಕ್ಕ ನಿಲ್ಲುವುದಕ್ಕೆ ಸಂಕೋಚಪಡಬೇಕಿಲ್ಲ. ಆದರೆ ಮತಾಂತರದ ಆರೋಪದ ಭಯ ಸುಳ್ಳಲ್ಲ, ಅದು ನಿಮಗಿಂತ ಚರ್ಚಿನವರಿಗೆ ಹೆಚ್ಚು. 2022ರ ರಾಜ್ಯ ಕಾಯ್ದೆ ‘ಆಮಿಷ’ದ ವ್ಯಾಖ್ಯೆಯಲ್ಲಿ ಉಡುಗೊರೆ, ಹಣ, ಉಚಿತ ಶಿಕ್ಷಣದಂಥವನ್ನೂ ಸೇರಿಸಿತು. ಆದ್ದರಿಂದ ಸಭೆಗಳನ್ನು ಪ್ರಾರ್ಥನಾ ಮಂದಿರದಲ್ಲಿ ನಡೆಸದೆ ಶೆಡ್‌ಗಳ ನಡುವಿನ ಬಯಲಿನಲ್ಲಿ ನಡೆಸಿ. ಆ ಸಭೆಯಲ್ಲಿ ಯಾರ ಪ್ರಾರ್ಥನೆಯೂ, ಕರಪತ್ರವೂ ಬೇಡ, ನಿಮ್ಮ ವಚನ ಗಾಯನವೂ ಬೇಡ. ಅಧಿಕಾರಿಗಳಿಗೆ ಹೋಗುವ ಮನವಿಯಲ್ಲಿ ಮೂರೂ ಸಂಸ್ಥೆಗಳ ಸಹಿ ಒಂದೇ ಹಾಳೆಯಲ್ಲಿರಲಿ. ವಿದೇಶಿ ದೇಣಿಗೆಯ ಹಣ ಇದಕ್ಕೆ ಮುಟ್ಟಬೇಡಿ. 2020ರ ತಿದ್ದುಪಡಿಯ ನಂತರ ಅದನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ವರ್ಗಾಯಿಸುವಂತೆಯೇ ಇಲ್ಲ. ಕಾರ್ಮಿಕರ ಮುಖ ಕಾಣುವ ಫೋಟೊಗಳನ್ನು ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಅವು ಸಂಜೆಯೊಳಗೆ ಮೇಸ್ತ್ರಿಯ ಫೋನಿನಲ್ಲಿರುತ್ತವೆ.

ಜೆಸಿಬಿ ಬಂದೇ ಬಿಟ್ಟರೆ ಅಡ್ಡ ಮಲಗಲು ಯಾರನ್ನೂ ಹುರಿದುಂಬಿಸಬೇಡಿ. ಸರ್ಕಾರಿ ನೌಕರರಿಗೆ ಅಡ್ಡಿ ಎಂದು ಭಾರತೀಯ ನ್ಯಾಯ ಸಂಹಿತೆಯಡಿ (ಹಿಂದಿನ ಐಪಿಸಿ) ಮೊಕದ್ದಮೆ ಬಿದ್ದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರು ಅದೇ ಕೂಲಿಯವರು. ಬಂದವರು ಯಾರು, ಆದೇಶ ಎಲ್ಲಿದೆ, ಸಹಿ ಯಾರದು ಎಂದು ಕೇಳಿ. ಆದೇಶದ ಫೋಟೊ ತೆಗೆದು ವಕೀಲರಿಗೆ ಕಳಿಸಿ. ವಾಹನದ ನಂಬರ್, ಸಮಯ, ಬಿದ್ದ ಶೆಡ್ಡುಗಳನ್ನು ದೂರದಿಂದ ಚಿತ್ರೀಕರಿಸಿ. ಖಾಸಗಿಯವರಾಗಿದ್ದರೆ 112ಕ್ಕೆ ಕರೆ ಮಾಡಿ, ಲಿಖಿತ ದೂರಿಗೆ ಸ್ವೀಕೃತಿ ಪಡೆಯಿರಿ.

ಐದು ಸಾವಿರ ಎತ್ತುತ್ತಿರುವವನ ವಿಷಯ ಚಿಕ್ಕದು. ಸ್ಲಂ ಬೋರ್ಡಿನ ಮನೆಗೆ ಫಲಾನುಭವಿ ಪಾಲು ಇದ್ದರೆ ಅದು ಆಯ್ಕೆಯಾದ ಮೇಲೆ, ಇಲಾಖೆಯ ಖಾತೆಗೆ, ರಸೀದಿಯೊಂದಿಗೆ ಹೋಗುತ್ತದೆ. ಮುಂಚಿತವಾಗಿ, ವ್ಯಕ್ತಿಯ ಕೈಗೆ ಎಂದರೆ ಮೋಸ. ಈಗಾಗಲೇ ಕೊಟ್ಟವರ ಹೆಸರು, ಮೊತ್ತ, ದಿನಾಂಕ ಬರೆಸಿಕೊಂಡು ಠಾಣೆಗೆ ದೂರು ಕೊಡಿಸಿ. ರೇಷನ್ ಕಾರ್ಡ್ ಊರಿನದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಅದಕ್ಕೂ ಯಾರಿಗೂ ದುಡ್ಡು ಕೊಡಬೇಕಿಲ್ಲ. ಜಾಗ ಬದಲಾದರೆ ಮಕ್ಕಳನ್ನು ಹೊಸ ಸರ್ಕಾರಿ ಶಾಲೆ ವರ್ಗಾವಣೆ ಪತ್ರ ತಡವಾಯಿತೆಂದು ವಾಪಸ್ ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟವಿದೆ.

ಆ ಶೆಡ್‌ಗಳ ಹೆಂಗಸರು ಕೆಲಸ ಮಾಡುವುದು ನಿಮ್ಮ ಬಡಾವಣೆಯ ಮನೆಗಳಲ್ಲೇ ಇರಬಹುದು. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ಕರ್ನಾಟಕ, ಅದು 2004ರಲ್ಲಿ. ಈಗ ಜಾರಿಯಲ್ಲಿರುವ ದರವನ್ನು ಕಾರ್ಮಿಕ ಇಲಾಖೆಯಿಂದ ತಂದು ಬಳಗದ ಸಭೆಯಲ್ಲಿ ಓದಿ, ನಿಮ್ಮ ನಿಮ್ಮ ಮನೆಯ ಲೆಕ್ಕಕ್ಕೆ ಹೋಲಿಸಿ ನೋಡಿ. ಕೋರ್ಟಿಗೆ, ಕಾರ್ಮಿಕ ಕಚೇರಿಗೆ ಹೋಗುವ ದಿನ ಅವರ ಸಂಬಳ ಹಿಡಿಯಬಾರದೆಂದು ಸದಸ್ಯರೆಲ್ಲ ಒಪ್ಪಿಕೊಂಡರೆ ಅರ್ಜಿದಾರರು ಸಿಗುವುದು ಎಷ್ಟೋ ಸುಲಭವಾಗುತ್ತದೆ.

ಇನ್ನು ದಾಸೋಹದ ಹಣ. ಊಟ ನಿಲ್ಲಿಸಬೇಡಿ, ಆದರೆ ಒಂದು ಪಾಲನ್ನು ತೆಗೆದು ಬೇರೆ ಇಡಿ. ಕೂಲಿಯ ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಕೆಲವರು ಸುರಪುರಕ್ಕೋ ಸಿಂಧನೂರಿಗೋ ಮರಳಿರುತ್ತಾರೆ. ವಿಚಾರಣೆಯ ದಿನ ಅರ್ಜಿದಾರರು ಗೈರಾದರೆ ಅರ್ಜಿ ವಜಾ ಆಗಬಹುದು, ಎಷ್ಟೋ ಅರ್ಜಿಗಳು ಹೀಗೇ ಸಾಯುತ್ತವೆ. ಹೋಗಿಬರುವ ಬಸ್ ಚಾರ್ಜು, ಒಂದು ರಾತ್ರಿ ಉಳಿಯಲು ಜಾಗ, ಮುನ್ನಾದಿನ ನೆನಪಿಸಿ ಒಂದು ಫೋನ್, ಈ ಮೂರನ್ನು ಮುಂದಿನ ಒಂದು ವರ್ಷದವರೆಗೆ ಯಾರು ನೋಡಿಕೊಳ್ಳುತ್ತಾರೆ ಎಂದು ಈ ಸೋಮವಾರವೇ ಹೆಸರು ಬರೆದು ಗೊತ್ತುಮಾಡಿ.